ಅಡ್ಡಗಾಳಿಗೆ ಹೆದರಿದ ಹಾಡು

2009ರ ಮಾರ್ಚ್ 17, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸೆಪ್ತಿಮಿಯು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕುಕ್ಕಿದ.

"ಈ ಮುದುಕ ನಮ್ಮ ಹಾಡಿಗೆ ವಿಷ ಹಾಕಿದಾನೆ" ಅಂದ.

ಗಾಜಿನ ಆಚೆ ಧ್ವನಿಮುದ್ರಣದ ಒಳಕೋಣೆಯಲ್ಲಿ ಗೆರಾಸಿಮ್ ಮಾಮ ಸ್ಟೂಲಿನ ಮೇಲೆ ಕೂತು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಿದ್ದರು. ಅವರ ತೊಡೆಯ ಮೇಲೆ ನಾಯ್ ಇತ್ತು: ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸಿದ, ತಳ ಮುಚ್ಚಿದ ಬಿದಿರಿನ ಕೊಳವೆಗಳು. ನಮ್ಮ ಕಡೆಯ ಮೈಕ್ ಆರಿಸಿದ್ದರಿಂದ ಈ ಮಾತು ಅವರಿಗೆ ಕೇಳಿಸಲಿಲ್ಲ. ಆದರೆ ಸೆಪ್ತಿಮಿಯುವಿನ ಮುಖ ಕಾಣುತ್ತಿತ್ತು. ಅವರು ಒರೆಸಿಕೊಳ್ಳುವುದನ್ನು ನಿಲ್ಲಿಸಿದರು.

"ಇನ್ನೊಂದ್ ಸಲ ಹಾಕು ದೊಮ್ನಿಕ. ಸೇರೋ ಜಾಗದಿಂದ."

ಹಾಕಿದೆ. 'ಉಪ್ಪಿನ ಹಾದಿ' ಜನವರಿಯ ಕೊನೆಯಲ್ಲಿ ನಮ್ಮ ದೇಶದ ಆಯ್ಕೆಯ ಸುತ್ತಿನಲ್ಲಿ ಗೆದ್ದಿತ್ತು. ಮೇ ತಿಂಗಳಲ್ಲಿ ಯೂರೋಪಿನ ಹಾಡಿನ ಸ್ಪರ್ಧೆಗೆ ಹೋಗಬೇಕಿತ್ತು. ಹಾಡು ಸೆಪ್ತಿಮಿಯುವಿನದು, ಹಾಡುವವಳು ಸ್ಮಾರಾಂದ, ಧ್ವನಿಮುದ್ರಣ ನನ್ನದು. ಎಲ್ಲ ಮುಗಿದ ಮೇಲೆ, ನಡುವಿನ ನಾಯ್ ಭಾಗ ಇನ್ನೊಂದಿಷ್ಟು ಉದ್ದ ಬೇಕು ಎಂದು ಸೆಪ್ತಿಮಿಯುವಿಗೆ ಅನ್ನಿಸಿತು. ಹಾಗಾಗಿ ಜನವರಿಯಲ್ಲಿ ಊದಿದ ನಾಯ್ ಹಾಗೇ ಇರಲಿ, ಅದರ ಬಾಲಕ್ಕೆ ಈ ಬೆಳಗ್ಗೆ ಊದಿದ್ದನ್ನು ಅಂಟಿಸೋಣ ಎಂದು ತೀರ್ಮಾನವಾಗಿತ್ತು. ಊದುವವರು ಅದೇ ಮಾಮ, ವಾದ್ಯ ಅದೇ. ಆದರೂ ಅಂಟಿಸಿದ ಜಾಗದಲ್ಲಿ ಸ್ವರ ಎಡವಿ ಮೇಲಕ್ಕೆ ಹೋಗುತ್ತಿತ್ತು. ಸಂಗೀತ ಬಾರದವರ ಹಲ್ಲೂ ಜುಮ್ಮೆನ್ನುವಂತೆ.

ನಾನು ಅಳೆದೆ. ಪಿಯಾನೋದ ಅಕ್ಕಪಕ್ಕದ ಎರಡು ಮನೆಗಳ ನಡುವಿನ ದೂರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟ್ ಎನ್ನುತ್ತೇವೆ. ಹೊಸ ನಾಯ್ ಹಳೆಯದಕ್ಕಿಂತ ಇಪ್ಪತ್ತೆಂಟು ಸೆಂಟ್ ಮೇಲಿತ್ತು.

"ಕಂಪ್ಯೂಟರಲ್ಲೇ ಇಳಿಸಬಹುದು. ಒಂದು ನಿಮಿಷದ ಕೆಲಸ" ಅಂದೆ.

"ಇಳಿಸಬಹುದು ಸರಿ. ಕಳ್ಳನ್ನ ಮನೇಲಿಟ್ಕೊಂಡು ಬೀಗ ಎಷ್ಟು ಸಲ ಬದಲಾಯಿಸ್ತೀಯ? ಇವತ್ತು ಇದು ಮಾಡ್ದ. ಮೇನಲ್ಲಿ ಇನ್ನೇನೋ!"

ಅವನ ಅನುಮಾನಕ್ಕೆ ಬೇರು ಇಲ್ಲದೆ ಇರಲಿಲ್ಲ. ಆಯ್ಕೆಯ ಸುತ್ತಿನಲ್ಲಿ ಎರಡನೆಯದಾಗಿ ಬಂದ ಹಾಡನ್ನು ಕಟ್ಟಿದವನು ಗೆರಾಸಿಮ್ ಮಾಮನ ಸ್ವಂತ ಅಳಿಯ. ಈ ಮಂಗಳವಾರ ಸಂಜೆ ಆರು ಗಂಟೆಯೊಳಗೆ ನಮ್ಮ ಹಾಡು ಒಪ್ಪಿಸದಿದ್ದರೆ ಅಳಿಯನ ಹಾಡು ಹೋಗುತ್ತಿತ್ತು. ಇಷ್ಟು ಬುಕಾರೆಸ್ಟಿನ ಟ್ಯಾಕ್ಸಿಯವರಿಗೂ ಗೊತ್ತಿತ್ತು.

ಒಳಕೋಣೆಯ ಬಾಗಿಲು ತೆರೆದು ಮಾಮ ಹೊರಗೆ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು.

"ಏನಂತೆ ಮೇಷ್ಟ್ರೇ? ಮುಖ ಯಾಕೆ ಉಪ್ಪಿನಕಾಯಿ ತಿಂದ ಹಾಗಿದೆ?"

"ನಾಯ್‌ಗೆ ಎಷ್ಟು ಮೇಣ ಮೆತ್ತಿದ್ರಿ ಮಾಮ ಬೆಳಗ್ಗೆ?"

ನಾಯ್‌ನ ಶ್ರುತಿ ಇರುವುದು ಜೇನುಮೇಣದಲ್ಲಿ. ಕೊಳವೆಯ ತಳಕ್ಕೆ ಮೇಣ ಸೇರಿಸಿದರೆ ಸ್ವರ ಏರುತ್ತದೆ, ಕೆರೆದು ತೆಗೆದರೆ ಇಳಿಯುತ್ತದೆ. ಬೆಳಗ್ಗೆ ಅವರು ಹಜಾರದ ಬೆಂಚಿನ ಮೇಲೆ ಮೇಣದ ಡಬ್ಬಿ ತೆರೆದು, ಕಡ್ಡಿಯಿಂದ ಕೊಳವೆಯೊಳಗೆ ಒತ್ತುತ್ತಿದ್ದುದನ್ನು ನಾನೂ ನೋಡಿದ್ದೆ. ನನ್ನನ್ನು ಕಂಡು ಡಬ್ಬಿ ಮುಚ್ಚಿದ್ದರು.

"ಒಂದು ಕೊಳವೆದು ಸಡ್ಲ ಆಗಿತ್ತು. ಕೂರಿಸಿದೆ. ಯಾಕೆ?"

"ಒಂದಲ್ಲ, ಎಲ್ಲಾ ಏರಿದೆ."

"ಏರಿಲ್ಲ. ನಿಮ್ಮ ಯಂತ್ರ ಇಳಿದಿದೆ. ಮೊದಲನೇ ಸಲಕ್ಕೇ ಹೇಳಿದ್ನಲ್ಲ, ಕಿವಿಗೆ ಹಾಕಿರೋದ್ರಲ್ಲಿ ಹಾಡು ಕೆಳಗೆ ಎಳೀತಿದೆ ಅಂತ. ಆಗ ಏನಂದ್ರಿ? ನೀವು ಊದಿ ಮಾಮ, ಯಂತ್ರದ ಚಿಂತೆ ನಮಗೆ ಬಿಡಿ ಅಂದ್ರಿ."

"ನೋಡ್ದಾ?" ಸೆಪ್ತಿಮಿಯು ನನ್ನ ಕಡೆ ತಿರುಗಿದ. "ಕಳ್ಳತನಕ್ಕೆ ಮೊದ್ಲೇ ನೆಪ ರೆಡಿ ಮಾಡ್ಕೊಂಡಿದಾರೆ."

"ಯಾರು ಕಳ್ಳ?"

"ನಾನ್ ಹೆಸರು ಹೇಳಿಲ್ಲಪ್ಪ."

"ಹೇಳ್ಬೇಡ. ನಾನೇ ಹೇಳ್ತೀನಿ. ಹೋದ ತಿಂಗಳಿಂದ ನಿಂಗೆ ನನ್ನ ಓಡಿಸ್ಬೇಕು. ನಾನು ಮುದುಕ, ಹೊಟ್ಟೆ ಇದೆ, ಟಿವೀಲಿ ಚೆನ್ನಾಗ್ ಕಾಣಲ್ಲ. ಯಂತ್ರ ತಿರುಗಿಸಿರೋನು ನೀನು!"

ಸೆಪ್ತಿಮಿಯು ಜೇಬಿನಿಂದ ಒಂದು ಪುಟ್ಟ ಪೆನ್‌ಡ್ರೈವ್ ತೆಗೆದು ನನ್ನ ಮುಂದಿಟ್ಟ. ಅದರಲ್ಲಿ ಅದೇ ಭಾಗ ಇತ್ತು, ಕೀಬೋರ್ಡಿನಲ್ಲಿ ನುಡಿಸಿದ್ದು. ನಾಯ್‌ನಂಥ ಸದ್ದು, ಉಸಿರಿಲ್ಲ. ಶ್ರುತಿ ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ನಾಲ್ಕು ಗಂಟೆವರೆಗೆ ಟೈಮ್ ಇದೆ. ಸರಿಯಾದ ನಾಯ್ ಸಿಕ್ರೆ ಸರಿ. ಇಲ್ದಿದ್ರೆ ಇದು ಹೋಗುತ್ತೆ. ವೇದಿಕೆ ಮೇಲೆ ಕುಣಿಯೋ ಹುಡುಗರಲ್ಲಿ ಒಬ್ಬ ನಾಯ್ ಹಿಡ್ಕೊಂಡು ನಿಲ್ತಾನೆ. ಅಷ್ಟೇ."

ಆ ಸ್ಪರ್ಧೆಯ ನಿಯಮ ಹಾಗೆ. ವೇದಿಕೆಯ ಮೇಲೆ ಬಾಯಿಂದ ಹಾಡುವುದು ಮಾತ್ರ ನಿಜ; ವಾದ್ಯಗಳೆಲ್ಲ ಮೊದಲೇ ಮುದ್ರಿಸಿದ್ದು, ಹಿಡಿದು ನಿಂತವರು ನಟಿಸಬೇಕು. ಗೆರಾಸಿಮ್ ಮಾಮ ನಿಜವಾಗಿ ಊದುವುದು ನನ್ನ ಒಳಕೋಣೆಯಲ್ಲಿ ಮಾತ್ರ. ಅದು ಹೋದರೆ ಹಾಡಿನಲ್ಲಿ ಅವರ ಉಸಿರೂ ಇಲ್ಲ, ಹೆಸರೂ ಇಲ್ಲ. ಉಳಿಯುವುದು ಅಳಿಯನಿಗಾಗಿ ಹಾಡು ಕೆಡಿಸಿದವನು ಎಂಬ ಮಾತು. ಮದುವೆಮನೆಗಳಲ್ಲಿ ಊದಿ ಬದುಕಿದ ಮನುಷ್ಯ. ಆ ಮಾತು ಹಬ್ಬಿದರೆ ಯಾರು ಕರೆಯುತ್ತಾರೆ?

ಅವರು ಆ ಪೆನ್‌ಡ್ರೈವನ್ನು ನೋಡಿದರು. "ಇಷ್ಟ್ ಬೇಗ ಹೇಗಪ್ಪ ರೆಡಿ ಆಯ್ತು ಇದು?"

ಅದೇ ಪ್ರಶ್ನೆ ನನಗೂ ಬಂದಿತ್ತು. ಸೆಪ್ತಿಮಿಯು ಗಡಿಯಾರದ ಕಡೆ ತಿರುಗಿದ.

ಮಾಗುರೇಲೆಯಲ್ಲಿ ಭೌತಶಾಸ್ತ್ರ ಓದುವಾಗ ಕಲಿತ ಒಂದು ಅಭ್ಯಾಸ ಇನ್ನೂ ಬಿಟ್ಟಿಲ್ಲ: ಮನುಷ್ಯರನ್ನು ಅನುಮಾನಿಸುವ ಮೊದಲು ಸಲಕರಣೆಯನ್ನು ಅನುಮಾನಿಸು. ಶ್ರುತಿಕವೆಯನ್ನು ಮೇಜಿಗೆ ತಟ್ಟಿ ಯಂತ್ರದ ಸ್ವರಕ್ಕೆ ಹೋಲಿಸಿದೆ. ಯಂತ್ರ ಸರಿಯಾಗಿತ್ತು. ಜನವರಿಯ ಮುದ್ರಣವೂ ಸರಿಯಾಗಿತ್ತು.

"ಮಾಮ, ಇಲ್ಲೇ ಒಂದ್ ಸಲ ಊದಿ."

ಯಂತ್ರದ ಕೋಣೆಯಲ್ಲೇ, ನನ್ನ ಪಕ್ಕ ನಿಂತು ಊದಿದರು. ಅಳೆದೆ. ನಾಯ್ ಹೆಚ್ಚು ಕಡಿಮೆ ಸರಿಯಾಗಿತ್ತು. ಇನ್ನೊಂದು ಕೊಳವೆ, ಮತ್ತೊಂದು. ಎಲ್ಲ ಸರಿ.

"ಆಹಾ!" ಸೆಪ್ತಿಮಿಯು ಕೈ ತಟ್ಟಿದ. "ನಮ್ಮೆದುರಿಗೆ ದೇವರಂಥ ಮನುಷ್ಯ. ಗಾಜಿನಾಚೆ ಹೋದ್ರೆ ದೆವ್ವ. ತುಟಿಯಲ್ಲೇ ಏರಿಸ್ತಾರೆ ದೊಮ್ನಿಕ, ಮೇಣ ಗೀಣ ಏನಿಲ್ಲ."

ಅದೂ ಸಾಧ್ಯವೇ. ತುಟಿಯ ಓರೆ ಬದಲಿಸಿದರೆ ಸ್ವರ ಬಾಗುತ್ತದೆ. ಒಳ್ಳೆಯ ವಾದಕನಿಗೆ ಇಪ್ಪತ್ತೆಂಟು ಸೆಂಟ್ ದೊಡ್ಡದಲ್ಲ. ಸುಳ್ಳು ಹೇಳುವುದಿಲ್ಲ, ಆ ಹೊತ್ತಿನಲ್ಲಿ ನನ್ನ ತಕ್ಕಡಿ ಮಾಮನ ವಿರುದ್ಧವೇ ವಾಲಿತು. ಡಬ್ಬಿ ಯಾಕೆ ಮುಚ್ಚಿದರು?

"ಯಾಕೆ ಮುಚ್ಚಿದ್ರಿ?" ಕೇಳಿಯೇಬಿಟ್ಟೆ.

"ಯಾವ್ದನ್ನ?"

"ಮೇಣದ ಡಬ್ಬಿ. ಬೆಳಗ್ಗೆ, ನನ್ನ ನೋಡಿ."

ಅವರಿಗೆ ಮುಖಕ್ಕೆ ಹೊಡೆದಂತಾಯಿತು. "ನೀವೂನಾ ಇಂಜಿನಿಯರಮ್ಮ?" ಎಂದು ಕೇಳಿ, "ಕೆಲಸ ಮುಗಿದಿತ್ತು, ಮುಚ್ಚಿದೆ" ಅಂದರು.

ಅಷ್ಟರಲ್ಲಿ ಹಜಾರದಿಂದ ಸ್ಮಾರಾಂದ ಬಂದಳು. ಅವಳ ಹಿಂದೆ ಅವಳ ಅತ್ತೆ ಅಗ್ಲಾಯ, ತಂದೆಯ ಅಕ್ಕ. ಈಸ್ಟರ್ ಉಪವಾಸದ ಕಾಲ. ಅಗ್ಲಾಯರ ಕೈಯಲ್ಲಿ ಬ್ರೆಡ್ಡು, ಬದನೆಕಾಯಿ-ಮೆಣಸಿನಕಾಯಿ ಬೇಯಿಸಿ ಅರೆದ ಜಾಕುಸ್ಕದ ಬಾಟಲಿ. ಯಂತ್ರದ ಕೋಣೆಯ ಹೊಸ್ತಿಲಲ್ಲೇ ನಿಂತರು. ಯಂತ್ರಗಳಿಗಾಗಿ ನಾನು ಅಲ್ಲಿ ಎಸಿ ಹಾಕಿಟ್ಟಿರುತ್ತೇನೆ. ಆ ಕಾರಣಕ್ಕೆ ಅಗ್ಲಾಯ ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ.

"ಏನ್ ಜಗಳ? ಊಟದ ಹೊತ್ತಲ್ಲಿ!"

"ಅತ್ತೆ, ಗೆರಾಸಿಮ್ ಮಾಮನ್ನ ತೆಗೀತಾರಂತೆ" ಎಂದಳು ಸ್ಮಾರಾಂದ. ಬಾಗಿಲಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ಕಣ್ಣು ಬಿದ್ದಿದೆ. ನಾನ್ ಹೇಳ್ತಾನೇ ಇದೀನಿ. ಟಿವೀಲಿ ಇಡೀ ದೇಶ ನೋಡಿದೆ ನಮ್ಮ ಹುಡುಗೀನ, ದೃಷ್ಟಿ ಆಗ್ದೆ ಇರುತ್ತಾ? ಕೆಂಪು ದಾರ ಕಟ್ಟೋಣ ಅಂದ್ರೆ ಈ ಮೇಷ್ಟ್ರು ನಗ್ತಾರೆ."

"ಅತ್ತೆ, ನಿಮ್ ಕಾಲಿಗೆ ಬೀಳ್ತೀನಿ, ಈಗ ಬೇಡ" ಅಂದ ಸೆಪ್ತಿಮಿಯು.

ನಾನು ಎದ್ದೆ. ಯಂತ್ರ ನೋಡಿಯಾಗಿತ್ತು, ನಾಯ್ ನೋಡಿಯಾಗಿತ್ತು. ಉಳಿದದ್ದು ಮೈಕು, ಅದರ ತಂತಿ, ಒಳಕೋಣೆ.

ಒಳಕೋಣೆಯ ಬಾಗಿಲು ತೆರೆದರೆ ಬೇಕರಿಯ ಒಲೆಯ ಬಾಯಿ ತೆರೆದಂತಾಯಿತು. ನಮ್ಮ ಊರಿನಲ್ಲಿ ಬಿಸಿನೀರು ಬೀದಿಯಡಿಯ ಕೊಳವೆಗಳಲ್ಲಿ ಎಲ್ಲ ಮನೆಗಳಿಗೂ ಒಂದೇ ಕಡೆಯಿಂದ ಬರುತ್ತದೆ. ಚಳಿ ಇದ್ದರೂ ಇಲ್ಲದಿದ್ದರೂ ಮಾರ್ಚ್ ಮುಗಿಯುವವರೆಗೆ ಆ ನೀರು ಹರಿದು ಕೋಣೆ ಕಾಯಿಸುವ ಗೋಡೆಯ ಕಬ್ಬಿಣ ಸುಡುತ್ತಲೇ ಇರುತ್ತದೆ. ಜನವರಿಯಲ್ಲಿ ನಮ್ಮ ಬೀದಿಯ ಕೊಳವೆ ಒಡೆದಿದ್ದಾಗ ನಾವು ಕೋಟು ಹಾಕಿಕೊಂಡು ಮುದ್ರಿಸಿದ್ದೆವು. ಒಳಕೋಣೆಗೆ ಮಾತ್ರ ಚಿಕ್ಕ ವಿದ್ಯುತ್ ಒಲೆ ಇಟ್ಟುಕೊಂಡು.

ನಾನು ಒಳಗೆ ಹೋಗುತ್ತ, ಹಿಂದಿರುಗಿ ನೋಡದೆ, "ಬಾಗಿಲು ಹಾಕ್ರೋ, ಅಡ್ಡಗಾಳಿ ಹೊಡಿಯುತ್ತೆ!" ಎಂದು ಕೂಗಿದೆ. ಸ್ಮಾರಾಂದ ಓಡಿಬಂದು ಹಾಕಿದಳು.

ಹಾಕಿದ ಮೇಲೆ ನಾನು ಅಲ್ಲೇ ನಿಂತೆ. ಈ ದೇಶದಲ್ಲಿ ಎದುರುಬದುರಿನ ಎರಡು ಕಿಂಡಿಗಳನ್ನು ಒಟ್ಟಿಗೆ ತೆರೆಯುವ ಧೈರ್ಯ ಯಾರಿಗೂ ಇಲ್ಲ. ಜುಲೈ ತಿಂಗಳಲ್ಲಿ ಬಸ್ಸಿನೊಳಗೆ ಬೇಯುತ್ತೇವೆ, ಕಿಟಕಿ ತೆರೆಯುವುದಿಲ್ಲ. ಅಡ್ಡಗಾಳಿಯಿಂದ ಕಿವಿನೋವು, ಅಡ್ಡಗಾಳಿಯಿಂದ ಸೊಂಟನೋವು, ಅಡ್ಡಗಾಳಿಯಿಂದ ಬಾಯಿ ಸೊಟ್ಟ. ನಾನು ಭೌತಶಾಸ್ತ್ರ ಓದಿದವಳು. ಗಾಳಿಯಿಂದ ಬಾಯಿ ಸೊಟ್ಟಗಾಗುವುದನ್ನು ಯಾವ ಪುಸ್ತಕದಲ್ಲೂ ನೋಡಿಲ್ಲ. ಆದರೂ ಕೂಗಿದ್ದೆ. ಮಾಮ ಬೆಳಗ್ಗಿನಿಂದ ಇಲ್ಲಿ ಬೇಯುತ್ತ ಕೂತು, ತೆರೆಯಿರಿ ಎಂದು ಒಂದು ಸಲವೂ ಕೇಳಲಿಲ್ಲ. ಬೆವತ ಮೈಗೆ ಗಾಳಿ ಬಿದ್ದರೆ ಸತ್ತೇ ಹೋಗುತ್ತೀಯ ಎಂದು ಅವರ ತಾಯಿಯೂ ಹೇಳಿಕೊಟ್ಟಿರಬೇಕು.

ಆದರೆ ಈ ಕೋಣೆ ಇಷ್ಟು ಕಾಯಬಾರದಿತ್ತು. ಸದ್ದಿಲ್ಲದೆ ಗಾಳಿಯಾಡಲೆಂದು ಚಾವಣಿಯ ಹತ್ತಿರ ಒಂದು ಗಾಳಿಕಿಂಡಿ ಮಾಡಿಸಿದ್ದೆ. ಸ್ಟೂಲ್ ಹತ್ತಿ ಅದರ ಜಾಲರಿಗೆ ಅಂಗೈ ಇಟ್ಟೆ. ಗಾಳಿಯ ಸುಳಿವಿಲ್ಲ. ಜಾಲರಿಯ ಅಂಚಿನಿಂದ ಬೂದುಬಣ್ಣದ ಉಣ್ಣೆಯ ಕುಚ್ಚೊಂದು ಇಣುಕುತ್ತಿತ್ತು. ಜಾಲರಿ ಕಳಚಿ ಎಳೆದೆ. ಬಂತು, ಬಂತು, ಬರುತ್ತಲೇ ಇತ್ತು. ಒಂದಾಳುದ್ದದ ಶಾಲು.

ಅದನ್ನು ಹಿಡಿದುಕೊಂಡು ಹೊರಗೆ ಬಂದೆ.

"ಅಯ್ಯೋ, ಅದನ್ಯಾಕೆ ತೆಗೆದ್ಯೇ ತಾಯಿ!" ಅಗ್ಲಾಯ ಹೊಸ್ತಿಲಲ್ಲಿ ಎದೆ ಮುಟ್ಟಿಕೊಂಡರು. "ನಿನ್ನೆ ಹುಡುಗಿ ಅಭ್ಯಾಸ ಮಾಡ್ತಾ ಎರಡ್ ಸಲ ಸೀನಿದ್ಲು. ನೋಡಿದ್ರೆ ಮೇಲಿಂದ ಸೀದಾ ಕುತ್ತಿಗೆಗೆ ಗಾಳಿ! ಗಂಟಲು ಹೋದ್ರೆ ದೇಶಕ್ಕೆ ಯಾರು ಹಾಡ್ತಾರೆ, ನೀವ್ ಹಾಡ್ತೀರಾ?"

ನಾನು ಯಂತ್ರದ ಕೋಣೆಯ ಗೋಡೆಯಲ್ಲಿದ್ದ ಉಷ್ಣಮಾಪಕ ತೆಗೆದು ಒಳಕೋಣೆಯಲ್ಲಿ ತೂಗುಹಾಕಿದೆ. ಪಾದರಸ ಏರಿ ಮೂವತ್ತೊಂದು ಡಿಗ್ರಿಗೆ ನಿಂತಿತು. ಜನವರಿಯ ಮುದ್ರಣಗಳಲ್ಲಿ ಕೋಣೆಯನ್ನು ಹೇಗೋ ಇಪ್ಪತ್ತಕ್ಕೆ ತಂದಿದ್ದುದು ನನಗೆ ನೆನಪಿತ್ತು.

"ಗಾಳಿ ಬಿಸಿಯಾದಷ್ಟೂ ಅದರೊಳಗೆ ಸದ್ದು ಬೇಗ ಓಡುತ್ತೆ" ಎಂದು ಸೆಪ್ತಿಮಿಯುವಿಗೆ ಹೇಳಿದೆ. "ಕೊಳವೆ ಉದ್ದ ಅಷ್ಟೇ ಇರುತ್ತೆ, ಸದ್ದು ಬೇಗ ಹೋಗಿ ಬರುತ್ತೆ, ಸ್ವರ ಏರುತ್ತೆ. ಒಂದು ಡಿಗ್ರಿಗೆ ಸುಮಾರು ಮೂರು ಸೆಂಟ್. ಹನ್ನೊಂದು ಡಿಗ್ರಿಗೆ ಲೆಕ್ಕ ಹಾಕು."

"ಮೂವತ್ಮೂರು. ನೀನು ಅಳೆದಿದ್ದು ಇಪ್ಪತ್ತೆಂಟು."

"ಸುಮಾರು ಅಂದೆ."

"ಸುಮಾರಲ್ಲೇ ಕಳ್ಳರು ಅಡಗೋದು."

ಗೆರಾಸಿಮ್ ಮಾಮ ನಾಯ್ ನನ್ನ ಕೈಗೆ ಕೊಟ್ಟರು. "ನಾನ್ ಮುಟ್ಟಲ್ಲ. ನೀವೇ ನೋಡ್ಕೊಳ್ಳಿ. ನನ್ನ ತುಟಿ ಮೇಲೆ ಅನುಮಾನ ಇದ್ರೆ ತುಟಿ ಇಲ್ದೇ ನೋಡಿ."

ಅವರು ಸಿಟ್ಟಿನಿಂದ ಅಂದದ್ದು. ನನಗೆ ಅದೇ ದಾರಿಯಾಯಿತು. ಕೊಳವೆಯ ಸ್ವಂತ ಸ್ವರ ಕಂಡುಹಿಡಿಯಲು ಊದಲೇಬೇಕೆಂದಿಲ್ಲ. ನಾಯ್ ಅನ್ನು ಒಳಕೋಣೆಯ ಮೈಕಿನ ಕಂಬಕ್ಕೆ ಕಟ್ಟಿದೆ. ಒಂದು ಕೊಳವೆಯ ಬಾಯಿಯ ಹತ್ತಿರ ಚಿಕ್ಕ ಸ್ಪೀಕರ್, ಅಲ್ಲೇ ಪಕ್ಕಕ್ಕೆ ಮೈಕ್. ಕಂಪ್ಯೂಟರಿನಿಂದ ಒಂದು ಸ್ವರವನ್ನು ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ಜಾರಿಸಿದರೆ, ತನ್ನ ಸ್ವರ ಬಂದ ಕ್ಷಣ ಕೊಳವೆ ತಾನೇ ದನಿಗೂಡಿಸುತ್ತದೆ. ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ಬಿಸಿ ಕೋಣೆಯಲ್ಲಿ ಗುಡ್ಡ ಎಲ್ಲಿ ಎದ್ದಿತೋ ಗುರುತು ಮಾಡಿಕೊಂಡೆ.

"ಈಗ ಕಿಟಕಿ ತೆಗೀಬೇಕು" ಅಂದೆ. "ಎಲ್ಲಾ. ಬಾಗಿಲೂ."

ಯಾರೂ ಅಲ್ಲಾಡಲಿಲ್ಲ.

"ಎರಡೂ ಕಡೆನಾ?" ಸೆಪ್ತಿಮಿಯು ಕೇಳಿದ. ಅವನ ಕೈ ತಾನಾಗಿ ಅಂಗಿಯ ಕಾಲರಿಗೆ ಹೋಯಿತು.

"ಎರಡೂ ಕಡೆ."

"ಒಂದೊಂದಾಗಿ ತೆಗೆದ್ರೆ ಆಗಲ್ವಾ?"

"ನಾಲ್ಕು ಗಂಟೆವರೆಗೇ ಟೈಮ್ ಅಂದೋನು ನೀನೇ."

ಆ ಒಂದು ಗಂಟೆಯನ್ನು ನಾವು ಐದು ಜನರಲ್ಲಿ ಯಾರೂ ಮರೆಯಲಾರೆವು. ಬೀದಿಯ ಕಿಟಕಿಯಿಂದ ಅಂಗಳದ ಬಾಗಿಲಿಗೆ ಮಾರ್ಚ್ ತಿಂಗಳ ತಣ್ಣನೆಯ ಗಾಳಿ ನೇರವಾಗಿ ಬೀಸಿತು. ಅಗ್ಲಾಯ ಶಿಲುಬೆಯ ಗುರುತು ಹಾಕಿಕೊಂಡು, ಕೈಚೀಲದಿಂದ ಹತ್ತಿ ತೆಗೆದು ಎಲ್ಲರ ಕಿವಿಗೂ ತುರುಕಿದರು. ಸ್ಮಾರಾಂದಳನ್ನು ಕೋಟು, ಟೋಪಿ ಸಮೇತ ಬಚ್ಚಲುಮನೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದರು. ಸೆಪ್ತಿಮಿಯು ಗೋಡೆಯ ಮೂಲೆ ಹುಡುಕಿಕೊಂಡು ನಿಂತ. ಅಲ್ಲಿಂದಲೇ ನಾಯ್ ಮೇಲೆ ಕಣ್ಣಿಟ್ಟಿದ್ದ, ಅದೇ ಎದ್ದು ಓಡಿಹೋಗುತ್ತದೆ ಎಂಬಂತೆ. ಗೆರಾಸಿಮ್ ಮಾಮ ಅವನ ಮೇಲೆ ಕಣ್ಣಿಟ್ಟಿದ್ದರು.

"ಯಂತ್ರದ ಹತ್ರ ಹೋಗ್ಬೇಡ ಮೇಷ್ಟ್ರೇ. ನಿಂತಲ್ಲೇ ನಿಲ್ಲು."

"ಏನಂದ್ರಿ? ಕಿವೀಲಿ ಹತ್ತಿ ಇದೆ."

"ಕಳ್ಳನಿಗೆ ಹತ್ತಿ ಇದ್ರೂ ಕೇಳ್ಸುತ್ತೆ."

ಉಷ್ಣಮಾಪಕ ಇಪ್ಪತ್ತೊಂದಕ್ಕೆ ಇಳಿದಾಗ ಕಿಟಕಿ ಮುಚ್ಚಿದೆವು. ಗಾಳಿಕಿಂಡಿ ತೆರೆದೇ ಇತ್ತು. ಗೋಡೆಯ ಬಿಸಿ ಕಬ್ಬಿಣದ ಮೇಲೆ ಒದ್ದೆ ಕಂಬಳಿ ಹೊದಿಸಿದೆ. ಕಂಬದ ಮೇಲಿನ ನಾಯ್ ಅನ್ನು ಯಾರೂ ಮುಟ್ಟಿರಲಿಲ್ಲ. ಮತ್ತೆ ಸ್ವರ ಜಾರಿಸಿದೆ. ಪರದೆಯ ಗುಡ್ಡ ಕೆಳಗೆ ಸರಿದಿತ್ತು. ಎಷ್ಟು ಎಂದು ಸೆಪ್ತಿಮಿಯು ಕೇಳುವ ಮೊದಲೇ ಪರದೆಯನ್ನು ಅವನ ಕಡೆ ತಿರುಗಿಸಿದೆ. ಇಪ್ಪತ್ತೊಂಬತ್ತು ಸೆಂಟ್. ತುಟಿ ಇಲ್ಲ, ಅಳಿಯನಿಲ್ಲ, ಮೇಣದ ಡಬ್ಬಿ ಹಜಾರದ ಬೆಂಚಿನ ಮೇಲಿತ್ತು.

ಅವನು ತುಂಬ ಹೊತ್ತು ನೋಡಿದ. ಹತ್ತಿಯನ್ನು ಕಿವಿಯಿಂದ ತೆಗೆದ.

"ಹಾಗಾದ್ರೆ ಊದ್ಲಿ. ಆದ್ರೆ ನಾನು ಒಳಗೆ, ಅವರ ಎದುರಿಗೇ ಕೂತಿರ್ತೀನಿ."

"ಕೂತ್ಕೋ" ಅಂದರು ಮಾಮ. "ಆ ಕಿಂಡಿ ಕೆಳಗೆ ಕೂತ್ಕೋ. ನಾನೂ ಅಲ್ಲೇ ಕೂರ್ತೀನಿ. ಇಬ್ರೂ ಒಟ್ಟಿಗೆ ಸಾಯೋಣ."

ಅಗ್ಲಾಯ ಕೊನೆಯ ಪ್ರಯತ್ನ ಮಾಡಿದರು. ಬೂದು ಶಾಲನ್ನು ಕೊಡವಿ, ಬೆವರು ಆರದ ಗೆರಾಸಿಮ್ ಮಾಮನ ಕುತ್ತಿಗೆಗೆ ಎರಡು ಸುತ್ತು ಸುತ್ತಿ, ಉಳಿದದ್ದನ್ನು ಸೊಂಟಕ್ಕೆ ಕಟ್ಟಿದರು. "ಮೂತ್ರಪಿಂಡ ಬೆಚ್ಚಗಿರ್ಬೇಕು. ಊದೋದು ಅಲ್ಲಿಂದ" ಅಂದರು. ಸೆಪ್ತಿಮಿಯುವಿನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಕಾಲರ್ ಎತ್ತಿಕೊಂಡು ಒಳಗೆ ಹೋದ.

ಮಾಮ ಒಂದೇ ಸಲ ಊದಿದರು. ಗಾಜಿನ ಮೂಲಕ ನನಗೆ ಇಬ್ಬರೂ ಕಾಣುತ್ತಿದ್ದರು: ಒಬ್ಬರು ಕಣ್ಣುಮುಚ್ಚಿ ಊದುತ್ತಿದ್ದರು, ಇನ್ನೊಬ್ಬ ಅವರ ತುಟಿಗೆ ಮೂಗು ತಾಗುವಷ್ಟು ಬಾಗಿ ನೋಡುತ್ತಿದ್ದ. ಬಚ್ಚಲಿನಿಂದ ಬಿಡುಗಡೆಯಾದ ಸ್ಮಾರಾಂದ ನನ್ನ ಕುರ್ಚಿಯ ಹಿಂದೆ ನಿಂತು ಉಸಿರು ಹಿಡಿದಿದ್ದಳು. ಅವಳ ಮಣಿಕಟ್ಟಿಗೆ ಯಾವಾಗಲೋ ಕೆಂಪು ದಾರ ಬಿದ್ದಿತ್ತು.

ಹೊಸದನ್ನು ಹಳೆಯದಕ್ಕೆ ಅಂಟಿಸಿ ಹಾಕಿದೆ. ಜನವರಿಯ ನಾಯ್ ಮುಗಿಯಿತು, ಮಾರ್ಚಿನದು ಶುರುವಾಯಿತು. ಎಲ್ಲಿ ಎಂದು ಸ್ಮಾರಾಂದಳಿಗೆ ತಿಳಿಯಲಿಲ್ಲ. "ಬಂತಾ? ಇನ್ನೂ ಬರ್ಬೇಕಾ?" ಎಂದು ಕೇಳಿದಳು.

ಸೆಪ್ತಿಮಿಯು ಹೊರಗೆ ಬಂದು ಎರಡು ಸಲ ಸೀನಿದ. ಅಗ್ಲಾಯ ಏನೋ ಹೇಳಲು ಬಾಯಿ ತೆರೆದು, ಹೇಳದೆ ಬ್ರೆಡ್ಡಿಗೆ ಜಾಕುಸ್ಕ ಹಚ್ಚತೊಡಗಿದರು. ಮೊದಲ ತುಂಡು ಗೆರಾಸಿಮ್ ಮಾಮನಿಗೆ. ಅವರು ತಿನ್ನದೆ ಕೈಯಲ್ಲಿ ಹಿಡಿದು ನಿಂತಿದ್ದರು.

"ಅವರ ಹೆಸರು ಇರ್ಲಿ" ಅಂದ ಸೆಪ್ತಿಮಿಯು ಯಾರನ್ನೂ ನೋಡದೆ. ನನ್ನ ಮುಂದಿದ್ದ ಪೆನ್‌ಡ್ರೈವ್ ಎತ್ತಿ ಮತ್ತೆ ಜೇಬಿಗೆ ಹಾಕಿಕೊಂಡ. ಒಡೆಯಲಿಲ್ಲ, ಅಳಿಸಲಿಲ್ಲ. ಅದನ್ನು ನಾನು ನೋಡಿದೆ, ಮಾಮನೂ ನೋಡಿದರು.

ಬಾಗಿಲ ಹತ್ತಿರ ಹೋದವನು ನಿಂತ. "ಎಷ್ಟಿದೆ ಈಗ ವ್ಯತ್ಯಾಸ?"

ಹೇಳಿದೆ.

"ಸೊನ್ನೆ ಯಾಕಿಲ್ಲ?"

"ಕೋಣೆ ಇಪ್ಪತ್ತಲ್ಲ, ಇಪ್ಪತ್ತೊಂದು."

"ಇನ್ನೊಂದ್ ಸಲ ಅಳೆ."

ಇನ್ನೊಂದು ಸಲ ಅಳೆದೆ. ಮೂರು ಸೆಂಟ್.